ಎಸ್‌ಯುವಿ ಕೊಟ್ಟು ವ್ಯಾಗನ್ ತರುವುದಾದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮಲ್ಲಿ 2018ರ ಸ್ಕಾರ್ಪಿಯೊ ಎಸ್11 ಉಂಟು. ಗಾಡಿಗೆ ಏನೂ ಆಗಿಲ್ಲ. ಆದರೆ ಅಮ್ಮನಿಗೆ ಮಂಡಿನೋವು, ಹತ್ತಿ ಇಳಿಯುವಾಗ ಇಬ್ಬರು ಹಿಡಿಯಬೇಕು. ಆಗುಂಬೆ ಘಾಟಿ ಏರುವಷ್ಟರಲ್ಲಿ ಮಕ್ಕಳಿಗೆ ವಾಂತಿ. ಹೊರದೇಶದಲ್ಲಿರುವ ಅಣ್ಣ "ಸ್ಟೇಷನ್ ವ್ಯಾಗನ್ ತಗೊ" ಅನ್ನುತ್ತಾನೆ. ಮನೆಯಲ್ಲಿ ಐದು ಜನ, ವರ್ಷಕ್ಕೆ ನಾಲ್ಕೈದು ಸಲ ಏಳು ಜನ. ತೋಟದಿಂದ ತೆಂಗಿನಕಾಯಿ, ಅಕ್ಕಿ ಮೂಟೆ ತರಲಿಕ್ಕುಂಟು. ನಮ್ಮ ಗೇಟಿನ ಇಳಿಜಾರಿನಲ್ಲಿ ತಗ್ಗಿನ ಕಾರಿನ ಅಡಿ ತಾಗದೇ?
– ಓದುಗರು, ಬ್ರಹ್ಮಾವರ

ಉತ್ತರ: ಅಣ್ಣ ಹೇಳಿದ್ದು ಸರಿಯೇ. ವ್ಯಾಗನ್ ಅಂದರೆ ಚಾವಣಿ ಹಿಂದಿನ ತುದಿವರೆಗೂ ಚಾಚಿ ಡಿಕ್ಕಿ ದೊಡ್ಡದಾಗಿರುವ, ಸೆಡಾನ್‌ನಂತೆ ತಗ್ಗಿನ ಕಾರು. ಆದರೆ ಅವರ ಊರಿನಲ್ಲಿ ಸಿಗುವಂಥ ವ್ಯಾಗನ್ ಸಾಮಾನ್ಯ ಕುಟುಂಬದ ಬೆಲೆಯಲ್ಲಿ ನಮ್ಮ ಷೋರೂಮುಗಳಲ್ಲಿ ಇಲ್ಲ. 1992ರ ಟಾಟಾ ಎಸ್ಟೇಟ್, ಆಮೇಲೆ ಮಾರುತಿ ಬಲೆನೊ ಆಲ್ಟುರಾ, ಸ್ಕೋಡಾ ಆಕ್ಟೇವಿಯಾ ಕಾಂಬಿ, 2004ರ ಟಾಟಾ ಇಂಡಿಗೊ ಮರೀನಾ ಎಲ್ಲ ಬಂದುಹೋದವು. ಆಂಬುಲೆನ್ಸ್ ಹಾಗೆ ಕಾಣುತ್ತದೆಂದು ಮೂಗು ಮುರಿದವರೇ ಜಾಸ್ತಿ. ಈಗ ಅದೇ ಕೆಲಸ ಮಾಡುತ್ತಿರುವುದು ಮಾರುತಿ ಎರ್ಟಿಗಾ, ಕಿಯಾ ಕ್ಯಾರೆನ್ಸ್‌ನಂಥ ಮೂರು ಸಾಲಿನ ಕಾರುಗಳು (ಎಂಪಿವಿ). ಹಿಂದಿನ ಸಾಲನ್ನು ಮಡಚಿಯೇ ಇಟ್ಟುಕೊಂಡರೆ ನಿಮ್ಮ ವ್ಯಾಗನ್ ಅದೇ.

ಮೊದಲು ಅಡಿ ತಾಗುವ ಭಯವನ್ನು ನೋಡೋಣ. ಸ್ಕಾರ್ಪಿಯೊದ ಎತ್ತರ 1995 ಮಿ.ಮೀ., ಎರ್ಟಿಗಾದ್ದು 1690. ಚಾವಣಿ ಒಂದು ಅಡಿ ಕೆಳಗೆ ಬರುತ್ತದೆ, ನಿಜ. ಆದರೆ ಹೊಟ್ಟೆಯಡಿಯ ಜಾಗ ಎರಡಕ್ಕೂ ಕಾಗದದ ಮೇಲೆ 180 ಮಿ.ಮೀ. ಆಸುಪಾಸಿನಲ್ಲೇ ಇದೆ! ವ್ಯತ್ಯಾಸ ಬರುವುದು ಭಾರ ಬಿದ್ದಾಗ. ಏಳು ಜನ ಕೂತರೆ ಎರ್ಟಿಗಾದಂಥ ಕಾರಿನ ಹಿಂಭಾಗ ಮೆತ್ತಗೆ ಕುಸಿಯುತ್ತದೆ, ಮೂರು ನಾಲ್ಕು ಸೆಂಟಿಮೀಟರ್ ಹೋಯಿತೆಂದೇ ಲೆಕ್ಕ ಹಾಕಿ. ಸ್ಕಾರ್ಪಿಯೊದಲ್ಲಿ ನೆಲಕ್ಕೆ ಹತ್ತಿರ ಇರುವುದು ಹಿಂದಿನ ಆಕ್ಸಲ್‌ನ ಗುಂಡು, ತಾಗಿದರೂ ಅದು ತಡೆದುಕೊಳ್ಳುತ್ತದೆ. ಎರ್ಟಿಗಾದಲ್ಲಿ ತಾಗುವುದು ಸೈಲೆನ್ಸರ್ ಪೈಪು, ಬಾಗಿಲ ಕೆಳಗಿನ ತಗಡು.

ಗೇಟಿನಲ್ಲಿ ಹೀಗೆ ಅಳೆಯಿರಿ. 30 ಸೆಂ.ಮೀ. ಎತ್ತರದ ಎರಡು ಕೋಲು ತೆಗೆದುಕೊಂಡು, ತುದಿಯಿಂದ ತುದಿಗೆ 2.74 ಮೀಟರ್ ಹಗ್ಗ ಬಿಗಿಯಾಗಿ ಕಟ್ಟಿ. ಎರ್ಟಿಗಾದ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ ಅಷ್ಟೇ. ಇಬ್ಬರು ಕೋಲು ಹಿಡಿದು, ಗಾಡಿ ಹೋಗುವ ದಾರಿಯಲ್ಲೇ ಗಿಡ್ಡ ಗಿಡ್ಡ ಹೆಜ್ಜೆಯಿಟ್ಟು ಇಳಿಜಾರು ದಾಟಿ. ಉಬ್ಬಿನ ನೆತ್ತಿ ಹಗ್ಗದ ನಡುವಿಗೆ ಬಂದಾಗ, ನೆತ್ತಿಯಿಂದ ಹಗ್ಗಕ್ಕೆ ಎಷ್ಟು ಜಾಗ ಉಂಟೆಂದು ಟೇಪಿನಲ್ಲಿ ನೋಡಿ, 30ರಿಂದ ಕಳೆಯಿರಿ. ಉತ್ತರ 10 ಸೆಂ.ಮೀ. ಒಳಗಿದ್ದರೆ ನಿಶ್ಚಿಂತೆ. 12 ದಾಟಿದರೆ ತುಂಬಿದ ಗಾಡಿ ಉಜ್ಜುತ್ತದೆ. ರಸ್ತೆಗೆ ಮೇಲಿಂದ ಮೇಲೆ ಕಾಂಕ್ರೀಟ್ ಬಿದ್ದು ಅಂಗಳ ತಗ್ಗಾಗಿರುವ ಮನೆಗಳಲ್ಲಿ ಇದು ಸಾಮಾನ್ಯ. ಇಳಿಜಾರನ್ನು ಒಳಗೆ ಇನ್ನೊಂದು ಮೀಟರ್ ಉದ್ದ ಮಾಡಿ ನೆತ್ತಿಯನ್ನು ಸವರಿಸಿದರೆ ಮುಗಿಯಿತು, ಒಂದು ದಿನದ ಮೇಸ್ತ್ರಿ ಕೆಲಸ. ಅಷ್ಟಕ್ಕಾಗಿ ಎಸ್‌ಯುವಿ ಇಟ್ಟುಕೊಳ್ಳಬೇಕಾಗಿಲ್ಲ.

ಅಮ್ಮನ ವಿಷಯದಲ್ಲಿ ಷೋರೂಮಿನ ನುಣ್ಣಗಿನ ನೆಲವನ್ನು ನಂಬಬೇಡಿ. ಟೆಸ್ಟ್ ಡ್ರೈವ್ ಗಾಡಿಯನ್ನು ಮನೆಯಂಗಳಕ್ಕೇ ತರಿಸಿ. ಮಧ್ಯದ ಸಾಲಿನ ಸೀಟಿನಲ್ಲಿ ಅವರು ಅಡ್ಡ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು, ಸೊಂಟ ಮಂಡಿಗಿಂತ ಕೂದಲೆಳೆಯಷ್ಟು ಮೇಲಿರಬೇಕು. ಸ್ಕಾರ್ಪಿಯೊದಲ್ಲಿ ಹತ್ತಬೇಕು, ಸೆಡಾನ್‌ನಲ್ಲಿ ಹೊಂಡದಿಂದ ಏಳಬೇಕು. ಮಂಡಿಗೆ ಎರಡೂ ಶಿಕ್ಷೆಯೇ. ಸೀಟಿನ ಅಂಚಿಗೂ ಬಾಗಿಲ ಹೊಸ್ತಿಲಿಗೂ ನಡುವಿನ ಅಗಲವನ್ನೂ ಗಮನಿಸಿ. ಅದು ಜಾಸ್ತಿಯಾದರೆ ಸೀರೆಯ ನೆರಿಗೆ ಕೆಸರು ಒರೆಸಿಕೊಂಡೇ ಇಳಿಯುವುದು. ಮೂರನೇ ಸಾಲಿಗೆ ಅಮ್ಮನನ್ನು ಯಾವತ್ತೂ ಕಳಿಸಬೇಡಿ, ಅದು ಮಕ್ಕಳ ಜಾಗ. ಆದರೆ ವಾಂತಿ ಮಾಡುವ ಮಕ್ಕಳಿಗೆ ಅದೂ ಅಲ್ಲ, ತಿರುವಿನಲ್ಲಿ ಅತಿ ಹೆಚ್ಚು ತೂಗುವುದು ಆ ಸಾಲೇ. ಮಧ್ಯದ ಸಾಲಿನಲ್ಲಿ ಕೂರಿಸಿ, ಮೊಬೈಲ್ ಕಸಿದುಕೊಂಡು, ಎದುರಿನ ರಸ್ತೆ ನೋಡಲು ಹೇಳಿ. ಗಾಡಿ ತಗ್ಗಾದ್ದರಿಂದ ಆಗುಂಬೆಯ 14 ತಿರುವುಗಳಲ್ಲಿ ಓಲಾಟವಂತೂ ಖಂಡಿತ ಕಡಿಮೆಯಾಗುತ್ತದೆ.

ಸಾಮಾನಿನ ಲೆಕ್ಕ: ಮೂರೂ ಸಾಲು ಎತ್ತಿದ್ದರೆ ಎರ್ಟಿಗಾದ ಡಿಕ್ಕಿ 209 ಲೀಟರ್, ಅಂದರೆ ಎರಡು ಮಧ್ಯಮ ಗಾತ್ರದ ಬ್ಯಾಗು. ಮೂರನೇ ಸಾಲು ಮಡಚಿದರೆ 550, ಎರಡನೆಯದೂ ಮಡಚಿದರೆ 803. ತೂಕದ ಮಿತಿಯನ್ನು ಮಾತ್ರ ಯಾರೂ ನೋಡುವುದಿಲ್ಲ. ಪೆಟ್ರೋಲ್ ಎರ್ಟಿಗಾದ ಸ್ವಂತ ತೂಕ 1150ರಿಂದ 1205 ಕಿಲೋ, ತುಂಬಿದ ಮಿತಿ 1785. ಹೊರಲು ಉಳಿಯುವುದು ಸುಮಾರು 600. ಏಳು ಮಂದಿ ದೊಡ್ಡವರು ತಲಾ 70 ಕಿಲೋ ಎಂದರೆ 490 ಆಯಿತು. ಅದರ ಮೇಲೆ 50 ಕಿಲೋದ ಎರಡು ಕುಚ್ಚಲಕ್ಕಿ ಮೂಟೆ ಹಾಕಿದರೆ ಲೆಕ್ಕ ಚುಕ್ತಾ, ತೆಂಗಿನಕಾಯಿ ಇನ್ನೊಂದು ಟ್ರಿಪ್ಪಿಗೆ. ಐದು ಜನ ಹೋಗುವಾಗ ಮೂಟೆಯನ್ನು ಬಾಗಿಲ ಬಳಿ ಬಿಡದೆ ಮಧ್ಯದ ಸೀಟಿನ ಬೆನ್ನಿಗೆ ಒತ್ತಿ ಮಲಗಿಸಿ. ಹಿಂದಿನ ಚಕ್ರದ ಆಚೆ ಭಾರ ಹೋದಷ್ಟೂ ಮೂತಿ ಹಗುರಾಗುತ್ತದೆ. ಈ ಕಾರುಗಳನ್ನು ಎಳೆಯುವುದು ಮುಂದಿನ ಚಕ್ರ, ಹಾಗಾಗಿ ಒದ್ದೆ ಘಾಟಿಯಲ್ಲಿ ಅವು ಜಾರಿ ಸುತ್ತತೊಡಗುತ್ತವೆ.

ಒಂದು ವಿಷಯದಲ್ಲಿ ನಿಮಗೆ ಬೇಸರವಾಗುತ್ತದೆ, ಈಗಲೇ ಹೇಳುತ್ತೇವೆ. ನಿಮ್ಮ ಡೀಸೆಲ್ 1500 ಆರ್‌ಪಿಎಂನಿಂದಲೇ 320 ನ್ಯೂಟನ್ ಮೀಟರ್ ಎಳೆತ ಕೊಡುತ್ತದೆ. ಎರ್ಟಿಗಾದ 1462 ಸಿಸಿ ಪೆಟ್ರೋಲ್ ಕೊಡುವುದು ಸುಮಾರು 137, ಅದೂ 4400 ಆರ್‌ಪಿಎಂಗೆ ಏರಿದ ಮೇಲೆ. ಮೂರನೇ ಗೇರಿನಲ್ಲಿ ಘಾಟಿ ಹತ್ತುವ ಅಭ್ಯಾಸ ಬಿಟ್ಟು, ಎರಡಕ್ಕೆ ಇಳಿಸಿ ಎಂಜಿನ್ನು ಕೂಗಲು ಬಿಡಬೇಕು. ಅದು ಕಾರಿನ ದೋಷವಲ್ಲ. ಇದು ಆಗಲಿಕ್ಕಿಲ್ಲ ಎನಿಸಿದರೆ ಕ್ಯಾರೆನ್ಸ್‌ನ 1.5 ಲೀಟರ್ ಡೀಸೆಲ್ ನೋಡಿ, 250 ನ್ಯೂಟನ್ ಮೀಟರ್. ಡಿಕ್ಕಿ 216 ಲೀಟರ್, ಅಗಲ 1800 ಮಿ.ಮೀ., ಮಧ್ಯದಲ್ಲಿ ಮೂವರಿಗೆ ಭುಜ ತಾಗುವುದು ಕಡಿಮೆ. ಆದರೆ ದಿನದ ಓಡಾಟ ಬ್ರಹ್ಮಾವರ–ಉಡುಪಿ ಮಾತ್ರ ಎಂದಾದರೆ ಬಿಎಸ್6 (ಈಗಿನ ಹೊಗೆ ನಿಯಮದ) ಡೀಸೆಲ್ ಬೇಡ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ತನ್ನನ್ನು ತಾನು ಸುಟ್ಟು ಶುಚಿ ಮಾಡಿಕೊಳ್ಳಲು ಹೆದ್ದಾರಿಯಲ್ಲಿ ನಿಲ್ಲಿಸದೆ ಇಪ್ಪತ್ತು ನಿಮಿಷವಾದರೂ ಓಡಬೇಕು. ಅದು ಸಿಗದಿದ್ದರೆ ಎಚ್ಚರಿಕೆ ದೀಪ ಹತ್ತುತ್ತದೆ, ಆಮೇಲೆ ಗ್ಯಾರೇಜೇ ಗತಿ. ನೀವು ಹೇಳಿದ ಬಳಕೆಗೆ ನಮ್ಮ ಆಯ್ಕೆ ಪೆಟ್ರೋಲ್ ಎರ್ಟಿಗಾ, ಮ್ಯಾನುವಲ್ ಗೇರು. ತಿಂಗಳಿಗೆರಡು ಸಲ ಶಿರಾಡಿ ಹತ್ತಿ ಬೆಂಗಳೂರಿಗೆ ಹೋಗುವವರಾದರೆ ಡೀಸೆಲ್ ಕ್ಯಾರೆನ್ಸ್.

ಪ್ರಶ್ನೆ: ಎಂಪಿವಿ ಬೇಡ, ನಿಜವಾದ ವ್ಯಾಗನ್ನೇ ಬೇಕು. ಸೆಕೆಂಡ್ ಹ್ಯಾಂಡ್ ಆಕ್ಟೇವಿಯಾ ಕಾಂಬಿ ಡೀಸೆಲ್ ಅಥವಾ ವೋಲ್ವೊ ವಿ90 ಕ್ರಾಸ್ ಕಂಟ್ರಿ ತೆಗೆದುಕೊಳ್ಳಬಹುದೇ?
– ಓದುಗರು, ಕದ್ರಿ, ಮಂಗಳೂರು

ಉತ್ತರ: ಮನೆಯಲ್ಲಿ ಇನ್ನೊಂದು ಕಾರು ಇದ್ದರೆ ಮಾತ್ರ.

ಕಾಂಬಿಯ 1.9 ಲೀಟರ್ ಟಿಡಿಐ ಎಂಜಿನ್ನು ಗಟ್ಟಿ. ಅದನ್ನು ಸಾಯಿಸುವುದು ಟೈಮಿಂಗ್ ಬೆಲ್ಟು, ಅಂದರೆ ವಾಲ್ವುಗಳನ್ನು ಪಿಸ್ಟನ್‌ನ ತಾಳಕ್ಕೆ ಆಡಿಸುವ ಪಟ್ಟಿ. ಅದು ತುಂಡಾದರೆ ವಾಲ್ವುಗಳು ಪಿಸ್ಟನ್‌ಗೆ ಬಡಿದು ಹೆಡ್ ಬಿಚ್ಚಬೇಕಾಗುತ್ತದೆ. ಬೆಲ್ಟ್ ಬದಲಿಸಿದ ಬಿಲ್ಲು, ಕಿಲೋಮೀಟರ್ ಸಮೇತ, ಕೈಯಲ್ಲಿ ಇಲ್ಲವೆಂದರೆ ಬದಲಿಸಿಲ್ಲ ಎಂದೇ ತಿಳಿಯಿರಿ. ಬೆಲ್ಟು, ಅದನ್ನು ಬಿಗಿಹಿಡಿಯುವ ಟೆನ್ಷನರ್, ವಾಟರ್ ಪಂಪ್ ಮೂರನ್ನೂ ಒಟ್ಟಿಗೆ ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ. ಎಂಜಿನ್, ಬ್ರೇಕಿನ ಬಿಡಿಭಾಗ ಸೆಡಾನ್ ಆಕ್ಟೇವಿಯಾದ್ದೇ ಆಗುತ್ತದೆ. ಕಷ್ಟ ಇರುವುದು ಬೆನ್ನಿಗೆ: ಹಿಂಬಾಗಿಲು, ಅದರ ಗಾಜು, ಹಿಂದಿನ ದೀಪ ಇವು ವ್ಯಾಗನ್ನಿಗೇ ಮೀಸಲು. ರಿವರ್ಸ್‌ನಲ್ಲಿ ಕಂಬಕ್ಕೆ ತಾಗಿಸಿ ಗಾಜು ಒಡೆದರೆ ಹುಡುಕಾಟ ತಿಂಗಳುಗಟ್ಟಲೆ.

ನೋಡಲು ಹೋದಾಗ ಡಿಕ್ಕಿಯ ಕಾರ್ಪೆಟ್ ಎತ್ತಿ, ಸ್ಟೆಪ್ನಿ ತೆಗೆದು, ಕೆಳಗಿನ ಗುಂಡಿಯನ್ನು ಕೈಯಲ್ಲಿ ಸವರಿ. ತೇವ ಇದ್ದರೆ ಹಿಂಬಾಗಿಲ ರಬ್ಬರು ಅಥವಾ ದೀಪದ ಸಂದಿಯಿಂದ ನೀರು ಇಳಿಯುತ್ತಿದೆ. ಆಟಿಯ ಮಳೆ ಕಳೆದ ಮೇಲೆ ನೋಡುವುದು ಉತ್ತಮ, ಬೇಸಿಗೆಯಲ್ಲಿ ಎಲ್ಲ ಕಾರೂ ಒಣಗಿಯೇ ಇರುತ್ತದೆ. ಹಿಂಬಾಗಿಲನ್ನು ಅರ್ಧ ಎತ್ತಿ ಬಿಡಿ, ಕೆಳಗೆ ಜಾರಿದರೆ ಅದನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್ ಸತ್ತಿದೆ, ಜೋಡಿಯಾಗಿ ಬದಲಿಸಬೇಕು. ಆರ್‌ಸಿಯ ತಾರೀಕನ್ನೂ ನೋಡಿ. 15 ವರ್ಷ ಆದ ಮೇಲೆ ಫಿಟ್‌ನೆಸ್ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ನವೀಕರಣ ಆಗಿರದ ಗಾಡಿಗೆ ಮುಂಗಡ ಕೊಡಲೇಬೇಡಿ.

ವಿ90 ಕ್ರಾಸ್ ಕಂಟ್ರಿ 2017ರಲ್ಲಿ ಇಲ್ಲಿಗೆ ಬಂತು. ಹೊಟ್ಟೆಯಡಿ 210 ಮಿ.ಮೀ. ಜಾಗ, 560 ಲೀಟರ್ ಡಿಕ್ಕಿ, ನಾಲ್ಕೂ ಚಕ್ರಕ್ಕೆ ಎಳೆತ. ಕಾರಾಗಿ ನೋಡಿದರೆ ಎರಡು ಮಾತಿಲ್ಲ. ಆದರೆ ಉದ್ದ 4.9 ಮೀಟರಿಗೂ ಮಿಕ್ಕಿ. ಹಂಪನಕಟ್ಟೆಯಲ್ಲಿ, ರಥಬೀದಿಯ ಓಣಿಗಳಲ್ಲಿ ನಿಲ್ಲಿಸುವ ಜಾಗ ಮೊದಲು ಹುಡುಕಿ. ಟಯರ್ ಒಂದು ಹರಿದರೆ ಒಂದೇ ಹಾಕಿಸುವಂತಿಲ್ಲ. ಸವೆತದ ವ್ಯತ್ಯಾಸ ಜಾಸ್ತಿಯಾದರೆ ಚಕ್ರಗಳಿಗೆ ಎಳೆತ ಹಂಚುವ ಕ್ಲಚ್ ಬಿಸಿಯಾಗಿ ಹಾಳಾಗುತ್ತದೆ.

ಪ್ರಶ್ನೆ: ಸಿಎನ್‌ಜಿ ಎರ್ಟಿಗಾ ಲಾಭವಲ್ಲವೇ? ಅಥವಾ ರೆನೊ ಟ್ರೈಬರ್ ಸಾಕೇ?
– ಓದುಗರು, ಕಾರ್ಕಳ

ಉತ್ತರ: ಬಾಡಿಗೆಗೆ ಓಡಿಸುವವರಿಗೆ ಸಿಎನ್‌ಜಿ ಲಾಭವೇ. ನಿಮಗೆ ವ್ಯಾಗನ್ ಬೇಕು ಎಂದಾದರೆ ಅಲ್ಲ. 60 ಲೀಟರಿನ ಸಿಲಿಂಡರ್ ಕೂರುವುದು ಮೂರನೇ ಸಾಲಿನ ಬೆನ್ನ ಹಿಂದೆ, ಡಿಕ್ಕಿಯಲ್ಲೇ. ಸೀಟು ಮಡಚಿದರೂ ಸಮತಟ್ಟು ನೆಲ ಸಿಗುವುದಿಲ್ಲ. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಹೈಡ್ರೊ ಟೆಸ್ಟ್ (ನೀರಿನ ಒತ್ತಡ ಹಾಕಿ ಗಟ್ಟಿತನ ನೋಡುವ ಪರೀಕ್ಷೆ) ಕಡ್ಡಾಯ.

ಟ್ರೈಬರ್ ನಾಲ್ಕು ಜನರ ಮನೆಗೆ ಚೆನ್ನಾದ ಪುಟ್ಟ ವ್ಯಾಗನ್. ಮೂರನೇ ಸಾಲನ್ನು ಬಿಚ್ಚಿ ಮನೆಯಲ್ಲೇ ಇಟ್ಟರೆ 625 ಲೀಟರ್, ಹಾಕಿದರೆ ಬರೀ 84. ಉದ್ದ ನಾಲ್ಕು ಮೀಟರಿನ ಒಳಗೆ, ಎಂಜಿನ್ 999 ಸಿಸಿ. ಹಾಗಾಗಿ 2025ರ ಸೆಪ್ಟೆಂಬರ್ 22ರಿಂದ ಶೇ 18ರ ಜಿಎಸ್‌ಟಿ. ಎರ್ಟಿಗಾ, ಕ್ಯಾರೆನ್ಸ್‌ಗೆ ಶೇ 40. ಏಳು ಜನರನ್ನು ಹೇರಿಕೊಂಡು ಮಾಳ ಘಾಟಿ ಹತ್ತಿಸುವ ಆಸೆ ಮಾತ್ರ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ನಮ್ಮದು ಮೀನಿನ ವ್ಯವಹಾರ, ಮನೆ ಸಮುದ್ರದ ಹತ್ತಿರ. ಹೊಸ ಕಾರಿಗೆ ತುಕ್ಕು ಹಿಡಿಯದಂತೆ ಅಡಿಗೆ ಕಪ್ಪು ಕೋಟಿಂಗ್ ಹೊಡೆಸಬೇಕೇ?
– ಓದುಗರು, ಮಲ್ಪೆ

ಉತ್ತರ: ಹೊಡೆಸಬಹುದು, ಆದರೆ ಗಾಡಿ ಹೊಸದಾಗಿ ಒಣಗಿರುವಾಗ. ಉಪ್ಪು ಹಿಡಿದ ತಗಡಿನ ಮೇಲೆ ಬಳಿದರೆ ಕೋಟಿಂಗಿನ ಅಡಿಯಲ್ಲೇ ತುಕ್ಕು ಹಬ್ಬುತ್ತದೆ, ಮೇಲೆ ನೋಡಿದರೆ ಕಪ್ಪಗೆ ಚೆಂದ. ಬಾಗಿಲುಗಳ ಕೆಳಗಂಚಿನಲ್ಲೂ ಹೊಸ್ತಿಲ ತಗಡಿನಲ್ಲೂ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಕೋಟಿಂಗ್ ಹೊಡೆಯುವ ಹುಡುಗರು ಅವನ್ನು ಮುಚ್ಚಿಬಿಡುತ್ತಾರೆ. ಪಕ್ಕದಲ್ಲೇ ನಿಂತು, ಒಂದೊಂದು ತೂತಿಗೂ ಪೊರಕೆ ಕಡ್ಡಿ ಹಾಕಿ ನೋಡಿ. ತುಕ್ಕು ಶುರುವಾಗುವುದು ಹೆಚ್ಚಾಗಿ ಪೆಟ್ಟಿಗೆಯಂಥ ಟೊಳ್ಳು ಭಾಗಗಳ ಒಳಗಿನಿಂದ. ಅಲ್ಲಿಗೆ ಟಾರಿಗಿಂತ ಒಳಗೆ ಸಿಂಪಡಿಸುವ ಮೇಣ ವಾಸಿ.

ಮೀನಿನ ಪೆಟ್ಟಿಗೆ ಒಯ್ಯುವವರಿಗೆ ದೊಡ್ಡ ಶತ್ರು ಸಮುದ್ರದ ಗಾಳಿಯಲ್ಲ, ಪೆಟ್ಟಿಗೆಯಿಂದ ಸೋರುವ ಉಪ್ಪುನೀರು. ಅದು ಕಾರ್ಪೆಟ್ಟಿನ ಅಡಿಗೆ ಇಳಿದು ಸೀಟು ಮಡಚುವ ಕೊಂಡಿಗಳನ್ನು ತಿನ್ನುತ್ತದೆ. ಅಂಚು ಎತ್ತರವಿರುವ ರಬ್ಬರ್ ಟ್ರೇ ಹಾಕಿ, ಅದರ ಮೇಲೆ ಪೆಟ್ಟಿಗೆ. ವಾರಕ್ಕೊಮ್ಮೆ ಚಕ್ರದ ಕಮಾನು, ಹೊಸ್ತಿಲ ಅಡಿ, ಹಿಂದಿನ ಬಂಪರಿನ ಒಳಗೆ ಬರೀ ಸಿಹಿನೀರು ಹತ್ತು ನಿಮಿಷ ಹಾಯಿಸಿ. ಬೀಚಿನ ಮರಳಿಗೆ ಇಳಿಸಿದ ದಿನವಂತೂ ಅದೇ ಸಂಜೆ.

ಎರ್ಟಿಗಾದಂಥ ಕಾರಿನಲ್ಲಿ ಸ್ಟೆಪ್ನಿ ಗಾಡಿಯ ಅಡಿಯಲ್ಲಿ ತಂತಿ ಹಗ್ಗಕ್ಕೆ ನೇತಾಡುತ್ತದೆ. ವರ್ಷಗಟ್ಟಲೆ ಇಳಿಸದಿದ್ದರೆ ಆ ರಾಟೆ ತುಕ್ಕು ಹಿಡಿದು, ಪಂಕ್ಚರ್ ಆದ ರಾತ್ರಿ ಕೈ ಕೊಡುತ್ತದೆ. ಆರು ತಿಂಗಳಿಗೊಮ್ಮೆ ಇಳಿಸಿ, ತಂತಿಗೆ ಗ್ರೀಸ್ ಸವರಿ, ಗಾಳಿ ನೋಡಿ ಏರಿಸಿ.

ಪ್ರಶ್ನೆ: ಹಳೆಯ ಎಸ್‌ಯುವಿಯನ್ನು ಕಾಸರಗೋಡಿನವರು ಕೇಳುತ್ತಿದ್ದಾರೆ. ಬೆಲೆ ಒಳ್ಳೆಯದುಂಟು. ಏನೆಲ್ಲ ನೋಡಬೇಕು?
– ಓದುಗರು, ತಲಪಾಡಿ

ಉತ್ತರ: ಗಡಿ ನಿಮ್ಮ ಮನೆಯಿಂದ ಕೂಗಳತೆಯಲ್ಲಿದ್ದರೂ ಆರ್‌ಟಿಒಗೆ ಅದು ಬೇರೆ ರಾಜ್ಯ. ಮಾಲೀಕತ್ವ ಬದಲಿಸುವ ಫಾರಂ 29, 30ರ ಜತೆಗೆ ಫಾರಂ 28ರಲ್ಲಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಸಾಲ ತೀರಿಸಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಮೊದಲು ಫಾರಂ 35 ಕೊಟ್ಟು ತೆಗೆಸಿ. "ಆಮೇಲೆ ಹೆಸರು ಬದಲಿಸುತ್ತೇವೆ" ಎಂಬ ಮಾತಿಗೆ ಬೀಗದ ಕೈ ಕೊಡಬೇಡಿ. ಆರ್‌ಸಿಯಲ್ಲಿ ಹೆಸರಿರುವವನೇ ಮಾಲೀಕ, ಅಪಘಾತವಾದರೆ ಪರಿಹಾರದ ಹೊಣೆಯೂ ಅವನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಫಾಸ್ಟ್‌ಟ್ಯಾಗ್ ಕಿತ್ತು ಖಾತೆ ಮುಚ್ಚಿಸಿ, ಇಲ್ಲದಿದ್ದರೆ ತಲಪಾಡಿ ಟೋಲ್ ನಿಮ್ಮ ಲೆಕ್ಕದಿಂದಲೇ ಕಡಿಯುತ್ತದೆ. ವಿಮೆಯ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಗಾಡಿಗಲ್ಲ, ನಿಮಗೆ ಸೇರಿದ್ದು. ಶೇ 50ರವರೆಗೂ ಇರಬಹುದು. ಕಂಪನಿಯಿಂದ ಅದರ ಪತ್ರ ಪಡೆದು ಹೊಸ ಕಾರಿನ ಪಾಲಿಸಿಗೆ ಹಾಕಿಸಿ, ಮೂರು ವರ್ಷದೊಳಗೆ.