ಮರಳಿನ ಕಾಳನ್ನೂ ಅಳೆಯಿರಿ

ಪ್ರಶ್ನೆ: 1:87 ಅಳತೆಯಲ್ಲಿ, ಅಂದರೆ ಎಲ್ಲವನ್ನೂ ನಿಜಕ್ಕಿಂತ 87 ಪಟ್ಟು ಚಿಕ್ಕದಾಗಿಸಿ, ಗುಡ್ಡ, ತೊರೆ, ಪುಟ್ಟ ರೈಲು ನಿಲ್ದಾಣ ಇರುವ ಡಯೊರಾಮಾ (ಪುಟ್ಟ ಮಾದರಿ ದೃಶ್ಯ) ಮಾಡಿದ್ದೇನೆ. ಕಟ್ಟಡ, ಹಳಿ ಎಲ್ಲ ಲೆಕ್ಕಕ್ಕೆ ಸರಿಯಾಗಿವೆ. ನೆಲಕ್ಕೆ ನಿಜವಾದ ಮರಳನ್ನೇ ಹಾಕಿದ್ದೇನೆ. ಆದರೂ ನೋಡಿದವರು ‘ಆಟಿಕೆ ಚೆನ್ನಾಗಿದೆ’ ಎನ್ನುತ್ತಾರೆ!

ಉತ್ತರ: ಹೊಟ್ಟೆ ಉರಿಯುವ ಮಾತೇ ಸರಿ. ಕಟ್ಟಡವನ್ನು ಅಳೆದ ನೀವು ಮರಳನ್ನು ಅಳೆಯಲಿಲ್ಲ. ಒಂದು ಮಿಲಿಮೀಟರಿನ ಕಾಳು ನಿಮ್ಮ ಲೋಕದಲ್ಲಿ ಸುಮಾರು 9 ಸೆಂಟಿಮೀಟರಿನ ಕಲ್ಲು. ಪಾಪ, ನಿಮ್ಮ ಪ್ರಯಾಣಿಕರು ಬರೀ ಕಲ್ಲುರಾಶಿ ತುಳಿದುಕೊಂಡು ರೈಲು ಹತ್ತಬೇಕು. ಒಣಗಿಸಿದ ಮಣ್ಣನ್ನು ಹಳೆಯ ನೈಲಾನ್ ಕಾಲುಚೀಲದಲ್ಲಿ ಜರಡಿ ಹಿಡಿದು, ಕೆಳಗೆ ಉದುರಿದ ಹುಡಿಯನ್ನಷ್ಟೇ ಬಳಸಿ. ಹಳಿಯ ಪಕ್ಕಕ್ಕೆ ಹಾಕುವ ಮುನ್ನ ಅದರಲ್ಲಿ ಅಯಸ್ಕಾಂತ ಆಡಿಸಿ. ಕಬ್ಬಿಣದ ಕಣಗಳಿದ್ದರೆ ಎಂಜಿನ್ನಿನ ಮೋಟಾರಿಗೆ ಹೋಗಿ ಅಂಟುತ್ತವೆ. ನೀರು ಬೆರೆಸಿದ ಬಿಳಿ ಅಂಟನ್ನು ಹನಿಸಿದಾಗ ಅದು ಹುಡಿಯೊಳಗೆ ಇಳಿಯದೆ ಗುಂಡಗೆ ನಿಂತುಬಿಡುತ್ತದೆ. ಪಾತ್ರೆ ತೊಳೆಯುವ ದ್ರವ ಸಾಬೂನನ್ನು ಒಂದು ತೊಟ್ಟು ಸೇರಿಸಿದರೆ ಸದ್ದಿಲ್ಲದೆ ಇಂಗುತ್ತದೆ.

ಮರಗಳನ್ನೂ ನೋಡಿಕೊಳ್ಳಿ. ಹತ್ತು ಮೀಟರಿನ ಸಾಧಾರಣ ಮರ ನಿಮ್ಮಲ್ಲಿ 11.5 ಸೆಂಟಿಮೀಟರ್ ಇರಬೇಕು. ಹೆಚ್ಚಿನವರು ಜಾಗ ಸಾಲದೆಂದು ಅದರ ಅರ್ಧಕ್ಕೇ ನಿಲ್ಲಿಸಿ, ಕಾಡಿನ ಬದಲು ಪೊದೆ ಬೆಳೆಸುತ್ತಾರೆ. ಹತ್ತು ಗಿಡ್ಡ ಮರಗಳಿಗಿಂತ ಮೂರು ಎತ್ತರದ ಮರಗಳೇ ನನಗೆ ಇಷ್ಟ. ಡಬ್ಬಿಯ ಹಸಿರನ್ನು ಹಾಗೆಯೇ ಬಳಿಯಬೇಡಿ. ದೂರದ ಗುಡ್ಡದ ಬಣ್ಣ ಕಣ್ಣಿಗೆ ಮಾಸಿದಂತೆ ಕಾಣುತ್ತದಲ್ಲವೇ? ಹಿಂದಿನ ಸಾಲಿನ ಮರಗಳಿಗೆ ತುಸು ಬೂದು ಬೆರೆಸಿ.

ಪ್ರಶ್ನೆ: ನೀರಿನಂತೆ ಕಾಣಲೆಂದು ತೊರೆಗೆ ಎಪಾಕ್ಸಿ ರೆಸಿನ್ (ಸುರಿದ ಮೇಲೆ ಗಟ್ಟಿಯಾಗುವ ದ್ರವ) ಸುರಿದೆ. ತೊರೆಯ ಪಾತ್ರ ಆಳವಾಗಿತ್ತು, ಒಂದೇ ಸಲಕ್ಕೆ ತುಂಬಿಸಿದೆ. ಬಿಸಿಯೇರಿ ಕೆಳಗಿನ ಥರ್ಮೋಕೋಲ್ ಕುಗ್ಗಿಹೋಯಿತು.

ಉತ್ತರ: ರೆಸಿನ್ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ, ದಪ್ಪ ಹೆಚ್ಚಿದಷ್ಟೂ ಆ ಶಾಖಕ್ಕೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ಕೆಲವೇ ಮಿಲಿಮೀಟರಿನ ಪದರ ಸುರಿಯಿರಿ, ಅದು ಗಟ್ಟಿಯಾದ ಮೇಲೆ ಇನ್ನೊಂದು. ಅಸಲಿಗೆ ಅಷ್ಟು ಆಳ ತೋಡುವ ಅಗತ್ಯವೇ ಇರಲಿಲ್ಲ. ಆಳವನ್ನು ತೋರಿಸುವುದು ಬಣ್ಣ: ಪಾತ್ರದ ನಡುವೆ ಕಡು ಕಂದು–ಹಸಿರು, ದಡದತ್ತ ಬಂದಂತೆ ಮಣ್ಣಿನ ತಿಳಿ ಬಣ್ಣ. ಸುರಿಯುವ ಮೊದಲು ಪಾತ್ರಕ್ಕೆ ಬಿಳಿ ಅಂಟು ಬಳಿದು ಪೂರ್ತಿ ಒಣಗಿಸಿ. ಸಣ್ಣ ಸಂದಿ ಸಿಕ್ಕರೂ ರೆಸಿನ್ ಸೋರಿ ಮೇಜಿಗೆ ಇಳಿಯುತ್ತದೆ. ಕುಗ್ಗಿದ ಜಾಗವನ್ನು ಪ್ಲಾಸ್ಟರಿನಿಂದ ತುಂಬಿಸಿದರೆ ಸಾಕು, ಗುಡ್ಡ ಕೀಳಬೇಕಿಲ್ಲ. ಬರಿಯ ಥರ್ಮೋಕೋಲ್ ಮೇಲೆ ಸ್ಪ್ರೇ ಬಣ್ಣ ಮಾತ್ರ ಹೊಡೆಯಬೇಡಿ, ಅದು ಗುಡ್ಡವನ್ನೇ ಕರಗಿಸುತ್ತದೆ.