‘ಬಿಗ್ ಚಾನ್ಸ್’ ಅಲ್ಲ, ‘ಗುಡ್ ಚಾನ್ಸ್’: ಚೀನಿ ಮಾತಾಡುವವರಿಗೆ ಇಂಗ್ಲಿಷ್ ಹೇಳಿಕೊಡುವಾಗ

ಪ್ರಶ್ನೆ: ನಾನು ತುಮಕೂರಿನವನು. ತೈವಾನಿನ ಶಿನ್‌ಚುವಿನಲ್ಲಿ ಚಿಪ್ ವಿನ್ಯಾಸದ ಕೆಲಸ ಮಾಡುತ್ತೇನೆ. ವಾರಕ್ಕೆರಡು ಸಂಜೆ ಆಫೀಸಿನ ಗೆಳೆಯರಿಗೆ ಇಂಗ್ಲಿಷ್ ಮಾತಾಡಲು ಹೇಳಿಕೊಡುತ್ತೇನೆ. ಅವರ ಮನೆಮಾತು ಮ್ಯಾಂಡರಿನ್ ಚೀನಿ. ವ್ಯಾಕರಣ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ‘ಚಾನ್ಸ್’ ಅನ್ನೋ ಸಣ್ಣ ಪದ ಬಂದರೆ ಎಡವುತ್ತಾರೆ. ‘ದೇರ್ ಈಸ್ ಅ ಬಿಗ್ ಚಾನ್ಸ್ ಟು ರೇನ್’ ಅನ್ನುತ್ತಾರೆ. ತಪ್ಪು ಅಂತ ಕಿವಿಗೆ ಗೊತ್ತಾಗುತ್ತೆ, ಯಾಕೆ ತಪ್ಪು ಅಂತ ಹೇಳೋಕೆ ಬರುವುದಿಲ್ಲ. ಹೇಗೆ ವಿವರಿಸಲಿ?

ಉತ್ತರ: ನೀವು ಕನ್ನಡದವರಾದ್ದರಿಂದಲೇ ವಿವರಿಸೋದು ಕಷ್ಟ ಆಗುತ್ತಿದೆ. ನಮಗೆ ಚಾನ್ಸ್ ಹೊರಗಿನ ಪದ ಅಂತ ಅನ್ನಿಸುವುದೇ ಇಲ್ಲ. ‘ಮಳೆ ಬರೋ ಚಾನ್ಸ್ ಇದೆ’, ‘ಸಿನಿಮಾದಲ್ಲಿ ಚಾನ್ಸ್ ಸಿಕ್ತು’, ‘ಇನ್ನೊಂದು ಚಾನ್ಸ್ ಕೊಡಿ ಸಾರ್’, ‘ಸುಮ್ನೆ ಚಾನ್ಸ್ ತಗೋಬೇಡ’, ‘ಚಾನ್ಸೇ ಇಲ್ಲ’. ಸಾಧ್ಯತೆ, ಅವಕಾಶ, ಅಪಾಯ ಎಲ್ಲಕ್ಕೂ ಒಂದೇ ಪದ ಸಾಕು. ಇಂಗ್ಲಿಷಿನವರಿಗೂ ಹಾಗೇ.

ಮ್ಯಾಂಡರಿನ್‌ನಲ್ಲಿ ಇವೆಲ್ಲ ಬೇರೆ ಬೇರೆ ಡಬ್ಬಿಯಲ್ಲಿವೆ. ಅವಕಾಶಕ್ಕೆ ಜೀಹ್ವೇ. ಸಾಧ್ಯತೆಗೆ ಖನಂಗ್‌ಶಿಂಗ್. ಅದೇ ಸಾಧ್ಯತೆಯನ್ನು ಲೆಕ್ಕ ಹಾಕಿ ಶೇಕಡಾದಲ್ಲಿ ಹೇಳುವಾಗ ಚೀನಾದಲ್ಲಿ ಗೈಲ್ಯೂ, ನೀವಿರುವ ತೈವಾನಿನಲ್ಲಿ ಜೀಲ್ಯೂ. ಅದೃಷ್ಟಕ್ಕೆ ಯುನ್‌ಚಿ. ಆಕಸ್ಮಿಕವಾಗಿ ಆದದ್ದಕ್ಕೆ ಓವ್‌ರಾನ್. ಕನ್ನಡದಲ್ಲಿ ಬರೆದ ಈ ಉಚ್ಚಾರಗಳು ಹತ್ತಿರದವು ಅಷ್ಟೇ, ಸರಿಯಾದ ಏರಿಳಿತವನ್ನು ನಿಮ್ಮ ಗೆಳೆಯರ ಬಾಯಲ್ಲೇ ಕೇಳಿ.

ಚಾನ್ಸ್ ಅಂದರೆ ಜೀಹ್ವೇ ಅಂತ ಕಲಿತವರೇ ಅವರಲ್ಲಿ ಜಾಸ್ತಿ. ಅದರ ಜೊತೆಗೇ ‘ಚಾನ್ಸ್ ಟು’ ಅನ್ನುವ ಜೋಡಿಯೂ ಬಾಯಿಪಾಠ ಆಗಿರುತ್ತೆ. ಈಗ ಮಳೆಯ ಮಾತು ಬಂತು ಅನ್ನಿ. ಮನಸ್ಸಿನಲ್ಲಿ ಮೂಡುವುದು ‘ಖನಂಗ್‌ಶಿಂಗ್ ಹೆನ್ ದಾ’, ಅಂದರೆ ‘ಸಾಧ್ಯತೆ ಬಹಳ ದೊಡ್ಡದು’. ಅಲ್ಲಿಂದ ‘ಬಿಗ್’ ಬಂತು. ಬಾಯಿಪಾಠದಿಂದ ‘ಟು’ ಬಂತು. ಎರಡೂ ಸೇರಿ ನೀವು ಕೇಳಿದ ವಾಕ್ಯ ಆಯಿತು. ಅವರು ಬಾಯಿಗೆ ಬಂದದ್ದನ್ನು ಹೇಳಲಿಲ್ಲ, ತಮ್ಮ ಭಾಷೆಗೆ ಸರಿಯಾಗಿಯೇ ಲೆಕ್ಕ ಹಾಕಿ ಹೇಳಿದರು. ಇದನ್ನು ಮೊದಲು ಅವರಿಗೆ ತಿಳಿಸಿ. ಎಷ್ಟೋ ವರ್ಷ ಇಂಗ್ಲಿಷ್ ಓದಿದವರಿಗೆ ಈ ಒಂದು ಮಾತಿನಿಂದ ಧೈರ್ಯ ಬರುವುದನ್ನು ನಾನು ನೋಡಿದ್ದೇನೆ.

ಈಗ ‘ಟು’ ವಿಷಯ. ಇದನ್ನು ನೀವು ಅರ್ಥ ಮಾಡಿಕೊಳ್ಳಲು ಕನ್ನಡವೇ ಸಹಾಯ ಮಾಡುತ್ತೆ. ಈ ಎರಡು ವಾಕ್ಯ ನೋಡಿ. ‘ಅವನಿಗೆ ಸಿಂಗಾಪುರಕ್ಕೆ ಹೋಗೋ ಚಾನ್ಸ್ ಇದೆ.’ ‘ಅವನು ಸಿಂಗಾಪುರಕ್ಕೆ ಹೋಗೋ ಚಾನ್ಸ್ ಇದೆ.’ ಮೊದಲನೆಯದರಲ್ಲಿ ಯಾರೋ ಬಾಗಿಲು ತೆಗೆದಿದ್ದಾರೆ, ಹೋಗೋದು ಬಿಡೋದು ಅವನಿಗೆ ಸೇರಿದ್ದು. ಎರಡನೆಯದು ಬರೀ ನಮ್ಮ ಅಂದಾಜು. ‘ಅವನಿಗೆ’, ‘ಅವನು’, ವ್ಯತ್ಯಾಸ ಅಷ್ಟೇ. ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ ಇದೇ ಕೆಲಸವನ್ನು ‘ಟು’ ಮತ್ತು ‘ಆಫ್’ ಮಾಡುತ್ತವೆ. ‘ಅ ಚಾನ್ಸ್ ಟು ಗೋ’ ಅವಕಾಶ. ‘ಅ ಚಾನ್ಸ್ ಆಫ್ ರೇನ್’ ಅಂದಾಜು. ‘ಮಳೆಗೆ ಬರೋ ಚಾನ್ಸ್ ಇದೆ’ ಅಂತ ನಾವ್ಯಾರೂ ಹೇಳುವುದಿಲ್ಲ, ಅಲ್ವಾ? ‘ಚಾನ್ಸ್ ಟು ರೇನ್’ ಇಂಗ್ಲಿಷ್ ಕಿವಿಗೆ ಹಾಗೇ ಕೇಳಿಸುತ್ತೆ.

ನಿಯಮ ಪೂರ್ತಿ ಬಿಗಿ ಅಲ್ಲ. ‘ಗುಡ್ ಚಾನ್ಸ್ ಟು ವಿನ್’ ಅಂತ ಇಂಗ್ಲಿಷಿನವರೇ ಹೇಳುತ್ತಾರೆ. ಗೆಲ್ಲುವುದು ಬೇಕಾದ ವಿಷಯ, ಅಲ್ಲಿ ಅವಕಾಶವೂ ಅಂದಾಜೂ ಬೆರೆತಿರುತ್ತವೆ. ಬೇಡದ ವಿಷಯ ಬಂದಾಗ ಮಾತ್ರ ‘ಟು’ ಹಾಕಬಾರದು. ಕಾಯಿಲೆ, ಸೋಲು, ಸಾವು, ಅಪಘಾತ, ಇವಕ್ಕೆಲ್ಲ ‘ಚಾನ್ಸ್ ಆಫ್’, ಇಲ್ಲವೇ ‘ಚಾನ್ಸ್’ ಆದಮೇಲೆ ಒಂದು ಪೂರ್ತಿ ವಾಕ್ಯ.

ಇದು ಎಷ್ಟು ಮುಖ್ಯ ಅಂತ ನನಗೆ ಗೊತ್ತಾದದ್ದು ಒಬ್ಬ ವಿದ್ಯಾರ್ಥಿನಿಯಿಂದ. ಹಾಂಗ್‌ಕಾಂಗಿನ ಹುಡುಗಿ, ಆನ್‌ಲೈನ್ ತರಗತಿ. ಒಂದು ದಿನ ತಡವಾಗಿ ಬಂದಳು, ಕ್ಯಾಮೆರಾ ಹಾಕಲಿಲ್ಲ. ಚಾಟ್‌ನಲ್ಲಿ ಒಂದೇ ಸಾಲು ಬರೆದಳು: ‘ಮೈ ಗ್ರ್ಯಾಂಡ್‌ಮಾ ಹ್ಯಾಸ್ ಅ ಚಾನ್ಸ್ ಟು ಡೈ.’ ಅಜ್ಜಿಗೆ ಸಾಯುವ ಅವಕಾಶ ಸಿಕ್ಕಿದೆ ಅನ್ನುವ ಹಾಗಿತ್ತು ಆ ಸಾಲು. ಅವಳು ಹೇಳಬೇಕೆಂದಿದ್ದು ಅಜ್ಜಿ ಉಳಿಯದೇ ಹೋಗಬಹುದು ಅಂತ. ನಾನು ಆ ದಿನ ತಿದ್ದಲಿಲ್ಲ. ಅಜ್ಜಿ ಹೇಗಿದ್ದಾರೆ, ನೀನು ಊಟ ಮಾಡಿದೆಯಾ ಅಂತಷ್ಟೇ ಕೇಳಿದೆ. ಅಜ್ಜಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ಎರಡು ವಾರ ಬಿಟ್ಟು, ಆ ಸಾಲನ್ನು ಇಬ್ಬರೂ ಕೂತು ಮತ್ತೆ ಬರೆದೆವು: ‘ದೇರ್ ವಾಸ್ ಅ ಚಾನ್ಸ್ ಶಿ ವುಡ್ ಡೈ.’

ಅವಳ ತಪ್ಪಿಗೂ ಕಾರಣ ಇತ್ತು. ಹಾಂಗ್‌ಕಾಂಗಿನಲ್ಲಿ ಮಾತಾಡುವ ಚೀನಿಯಾದ ಕ್ಯಾಂಟನೀಸ್‌ನಲ್ಲಿ ಜೀಹ್ವೇಯ ಅದೇ ಎರಡು ಅಕ್ಷರಗಳನ್ನು ಗೇಯ್‌ವುಯ್ ಅಂತ ಓದುತ್ತಾರೆ. ಅಲ್ಲಿ ಆ ಪದವನ್ನು ಸಾಧ್ಯತೆಗೂ ಬಳಸುತ್ತಾರೆ, ಕಾಯಿಲೆ ಬರುವ ಸಾಧ್ಯತೆಗೂ ಕೂಡ. ಹಾಗಾಗಿ ‘ಚೀನಿ ಮಾತಾಡುವವರು’ ಅಂತ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಮ್ಯಾಂಡರಿನ್‌ನವರು ಕೆಟ್ಟ ವಿಷಯಕ್ಕೆ ಚಾನ್ಸ್ ಬಳಸಲು ಹಿಂಜರಿದು ಎಲ್ಲ ಕಡೆ ‘ಪಾಸಿಬಿಲಿಟಿ’ ಅಂತ ಬರೆಯುವುದುಂಟು. ಕ್ಯಾಂಟನೀಸ್‌ನವರು ಧಾರಾಳವಾಗಿ ಬಳಸಿ ‘ಟು’ನಲ್ಲಿ ಸಿಕ್ಕಿಬೀಳುವುದುಂಟು.

ಇನ್ನು ‘ಬಿಗ್’. ನಾವು ‘ಮಳೆ ಬರೋ ಚಾನ್ಸ್ ಜಾಸ್ತಿ’ ಅನ್ನುತ್ತೇವೆ, ಅವರು ‘ದೊಡ್ಡದು’ ಅನ್ನುತ್ತಾರೆ, ಇಂಗ್ಲಿಷಿನವರು ‘ಗುಡ್’ ಅನ್ನುತ್ತಾರೆ. ‘ದೇರ್ ಈಸ್ ಅ ಗುಡ್ ಚಾನ್ಸ್ ಹಿ ವಿಲ್ ಫೇಲ್.’ ಫೇಲಾಗೋದು ಹೇಗೆ ಗುಡ್ ಆಗುತ್ತೆ ಅಂತ ನಿಮ್ಮ ಗೆಳೆಯರು ಖಂಡಿತ ಕೇಳುತ್ತಾರೆ. ಇಲ್ಲಿ ಗುಡ್ ಅಂದರೆ ಒಳ್ಳೆಯದು ಅಂತ ಅರ್ಥ ಅಲ್ಲ, ‘ಒಳ್ಳೇ ಮಳೆ ಹೊಡೀತು’ ಅನ್ನುವಾಗಿನ ‘ಒಳ್ಳೇ’ ಇದ್ದ ಹಾಗೆ, ಜೋರು, ಜಾಸ್ತಿ ಅಂತ. ‘ಹೈ ಚಾನ್ಸ್’ ಕೂಡ ನಡೆಯುತ್ತೆ. ಕಡಿಮೆ ಅನ್ನಲು ‘ಸ್ಮಾಲ್’, ‘ಸ್ಲೈಟ್’, ‘ಸ್ಲಿಮ್’ ಮೂರೂ ಸರಿ. ‘ಬಿಗ್ ಚಾನ್ಸ್’ ಅಂದರೆ ಸಾಮಾನ್ಯವಾಗಿ ಜೀವನದಲ್ಲಿ ಬಂದ ದೊಡ್ಡ ಅವಕಾಶ. ಮಳೆಗೆ ಅದು ಹೊಂದುವುದಿಲ್ಲ.

ಮುಂದಿನ ತರಗತಿಗೆ ಹವಾಮಾನ ಮುನ್ಸೂಚನೆ ತೆಗೆದುಕೊಂಡು ಹೋಗಿ. ತೈವಾನಿನ ಮುನ್ಸೂಚನೆಯಲ್ಲಿ ‘ಜ್ಯಾಂಗ್‌ಯೂ ಜೀಲ್ಯೂ’ ಅಂತ ದಿನಾ ಇರುತ್ತೆ, ಮಳೆ ಬೀಳುವ ಸಾಧ್ಯತೆ. ಪಕ್ಕದಲ್ಲಿ ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯದನ್ನು ಇಡಿ. ಅವರು ಶೇ 20 ಇದ್ದರೆ ‘ಸ್ಲೈಟ್ ಚಾನ್ಸ್’ ಅನ್ನುತ್ತಾರೆ. ಶೇ 30ರಿಂದ 50 ಇದ್ದರೆ ಬರೀ ‘ಚಾನ್ಸ್’. ಶೇ 60, 70ಕ್ಕೆ ಹೋದರೆ ಚಾನ್ಸ್ ಬಿಟ್ಟು ‘ಲೈಕ್ಲಿ’. ನಿಮ್ಮ ಗೆಳೆಯರು ಎಂಜಿನಿಯರ್‌ಗಳು. ಅಂಕಿ ಕಂಡರೆ ಚಾನ್ಸ್ ಅನ್ನುವುದು ಜೀಹ್ವೇಯಿಂದ ಬಿಡಿಸಿಕೊಂಡು ಜೀಲ್ಯೂ ಹತ್ತಿರ ಬರುವುದು ಅವರಿಗೇ ಗೊತ್ತಾಗುತ್ತೆ.

ಪ್ರಶ್ನೆ: ನಾನು ಶಿವಮೊಗ್ಗದ ನಿವೃತ್ತ ಶಿಕ್ಷಕಿ. ಮಗ ಸಿಡ್ನಿಯಲ್ಲಿದ್ದಾನೆ. ಸೊಸೆ ಚೀನಾದ ಚೆಂಗ್ಡುವಿನವಳು, ನಾವಿಬ್ಬರೂ ಇಂಗ್ಲಿಷಿನಲ್ಲೇ ಮೆಸೇಜ್ ಮಾಡುವುದು. ಡಿಸೆಂಬರ್ ರಜೆಯ ಬಗ್ಗೆ ಅವಳು ‘ಐ ವಿಲ್ ಟೇಕ್ ಅ ಚಾನ್ಸ್ ಟು ವಿಸಿಟ್ ಯು’ ಅಂತ ಬರೆದಳು. ನಮ್ಮ ಮನೆಗೆ ಬರುವುದು ಅವಳಿಗೆ ರಿಸ್ಕ್ ಅನ್ನಿಸುತ್ತಿದೆಯೇ ಅಂತ ಮನಸ್ಸಿಗೆ ಬೇಜಾರಾಯಿತು. ಕೇಳಲು ಸಂಕೋಚ. ಅವಳು ಏನು ಹೇಳಿರಬಹುದು?

ಉತ್ತರ: ಅಮ್ಮ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಸೊಸೆ ಬರಲು ಕಾಯುತ್ತಿದ್ದಾಳೆ ಅಂತಲೇ ನಾನು ಓದಿಕೊಳ್ಳುತ್ತೇನೆ.

ಚೀನಿ ಭಾಷೆಯಲ್ಲಿ ‘ಜ್ವಾಜೂ ಜೀಹ್ವೇ’ ಅನ್ನುವ ಮಾತು ಬಹಳ ಬಳಕೆಯಲ್ಲಿದೆ. ಅವಕಾಶವನ್ನು ಕೈಯಿಂದ ಗಟ್ಟಿಯಾಗಿ ಹಿಡಿ ಅಂತ. ಇದನ್ನೇ ಇಂಗ್ಲಿಷಿಗೆ ತರುವಾಗ ಕೆಲವರು ‘ಕ್ಯಾಚ್ ದ ಚಾನ್ಸ್’ ಅನ್ನುತ್ತಾರೆ, ಅದು ಇಂಗ್ಲಿಷಿನಲ್ಲಿ ರೂಢಿ ಇಲ್ಲ. ಸರಿಯಾದದ್ದು ‘ಟೇಕ್ ದ ಚಾನ್ಸ್’, ಇಲ್ಲವೇ ‘ಗ್ರ್ಯಾಬ್’ ಅಥವಾ ‘ಸೀಜ್’. ನಿಮ್ಮ ಸೊಸೆ ಕ್ರಿಯಾಪದವನ್ನು ಸರಿಯಾಗಿಯೇ ಹಿಡಿದಿದ್ದಾಳೆ. ತಪ್ಪಿದ್ದು ‘ದ’ ಇರಬೇಕಾದಲ್ಲಿ ‘ಅ’ ಬಂದದ್ದು.

ಆ ಒಂದಕ್ಷರ ಅರ್ಥವನ್ನೇ ತಿರುಗಿಸಿಬಿಡುತ್ತೆ. ‘ಟೇಕ್ ದ ಚಾನ್ಸ್’ ಅಂದರೆ ಸಿಕ್ಕ ಅವಕಾಶ ಬಿಡದಿರೋದು. ‘ಟೇಕ್ ಅ ಚಾನ್ಸ್’ ಅಂದರೆ ಆಗಿದ್ದಾಗಲಿ ಅಂತ ನುಗ್ಗೋದು. ‘ಟೇಕ್ ಚಾನ್ಸಸ್’ ಅಂದರೆ ಪದೇ ಪದೇ ಅಪಾಯಕ್ಕೆ ಕೈ ಹಾಕೋದು. ಚೀನಿ ಭಾಷೆಯಲ್ಲಿ ‘ಅ’, ‘ದ’ ಇಲ್ಲವೇ ಇಲ್ಲ. ಕನ್ನಡದಲ್ಲೂ ಇಲ್ಲ, ಆದರೆ ನೀವು ಇಷ್ಟು ವರ್ಷ ಮಕ್ಕಳ ನೋಟ್‌ಬುಕ್ಕಿನಲ್ಲಿ ಅದನ್ನೇ ಕೆಂಪು ಶಾಯಿಯಲ್ಲಿ ಸೇರಿಸುತ್ತಾ ಬಂದವರು. ಹಾಗಾಗಿ ನಿಮ್ಮ ಕಣ್ಣಿಗೆ ಅದು ತಕ್ಷಣ ಚುಚ್ಚಿತು.

ಒಂದೇ ಪದಕ್ಕೆ ಅವಕಾಶವೂ ಅಪಾಯವೂ ಹೇಗೆ ಅಂಟಿಕೊಂಡವು ಅನ್ನುವುದಕ್ಕೆ ಪದದ ಹುಟ್ಟಿನಲ್ಲೇ ಉತ್ತರ ಇದೆ. ಚಾನ್ಸ್ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನಿಂದ, ಅಲ್ಲಿಗೆ ಬಂದದ್ದು ಲ್ಯಾಟಿನ್ನಿನ ‘ಕಾದೆರೆ’ ಅನ್ನುವ ಧಾತುವಿನಿಂದ. ಕಾದೆರೆ ಅಂದರೆ ಬೀಳೋದು. ದಾಳ ಹೇಗೆ ಬಿತ್ತು ಅನ್ನುವುದಕ್ಕೂ ಚಾನ್ಸ್ ಅನ್ನುತ್ತಿದ್ದರು. ನಾವು ಪಗಡೆಯಲ್ಲಿ ‘ಗರ ಬಿತ್ತು’ ಅನ್ನುತ್ತೇವಲ್ಲ, ಅದೇ ‘ಬೀಳೋದು’. ಬಿದ್ದದ್ದು ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು. ಚೀನಿ ಭಾಷೆಯ ಜೀಹ್ವೇಗೆ ಈ ದಾಳದ ವಾಸನೆ ಇಲ್ಲ. ಅದಕ್ಕೇ ನಿಮ್ಮ ಸೊಸೆಗೆ ಚಾನ್ಸ್ ಅನ್ನುವಾಗ ರಿಸ್ಕ್ ನೆನಪಾಗಿರಲಾರದು.

ತಿದ್ದಲು ಹೋಗಬೇಡಿ. ‘ಐ ಆಮ್ ಸೋ ಗ್ಲ್ಯಾಡ್ ಯು ಹ್ಯಾವ್ ದ ಚಾನ್ಸ್ ಟು ಕಮ್’ ಅಂತ ಉತ್ತರ ಬರೆಯಿರಿ. ಸರಿಯಾದ ರೂಪ ಅವಳ ಕಣ್ಣಿಗೆ ಬೀಳುತ್ತೆ, ನಿಮ್ಮ ಪ್ರೀತಿಯೂ ತಲುಪುತ್ತೆ.

ಪ್ರಶ್ನೆ: ನಮ್ಮ ಕಾಲೇಜಿನ ಕಾರ್ಯಾಗಾರದಲ್ಲಿ ಒಬ್ಬರು, ‘ಚೀನಿ ಭಾಷೆಯಲ್ಲಿ ಬಿಕ್ಕಟ್ಟು ಅನ್ನುವ ಪದ ಅಪಾಯ ಮತ್ತು ಅವಕಾಶ ಎರಡೂ ಸೇರಿ ಆಗಿದೆ’ ಅಂದರು. ನಿಜವೇ?

ಉತ್ತರ: ಅರ್ಧ ಮಾತ್ರ ನಿಜ. ಪದ ವೇಯ್‌ಜೀ. ವೇಯ್ ಅಂದರೆ ಅಪಾಯ, ಅದು ಸರಿ. ಈ ಪದದಲ್ಲಿ ಜೀ ಅಂದರೆ ಅವಕಾಶ ಅನ್ನುವುದು ತಪ್ಪು. ಅಮೆರಿಕದ ಜಾನ್ ಎಫ್. ಕೆನಡಿ ಅಧ್ಯಕ್ಷರಾಗುವ ಮೊದಲೇ, 1959ರಲ್ಲಿ, ಭಾಷಣದಲ್ಲಿ ಈ ಮಾತು ಹೇಳಿದ್ದರು. ಆಮೇಲೆ ಇದು ಮ್ಯಾನೇಜ್‌ಮೆಂಟ್ ಭಾಷಣಗಳಲ್ಲೆಲ್ಲ ಹರಡಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಚೀನಿ ಭಾಷಾ ವಿದ್ವಾಂಸ ವಿಕ್ಟರ್ ಮೇರ್ ಇದು ತಪ್ಪು ಅಂತ ವಿವರವಾಗಿ ಬರೆದಿದ್ದಾರೆ.

‘ಜೀ’ ಒಂದೇ ಇದ್ದಾಗ ಅದರ ಹರವು ದೊಡ್ಡದು. ಅಡ್ಡಬಿಲ್ಲಿನಿಂದ ಬಾಣ ಬಿಡುವ ಟ್ರಿಗರ್‌ಗೂ ಹಿಂದೆ ಇದೇ ಪದ. ವಿಮಾನಕ್ಕೆ ಫೇಯ್‌ಜೀ, ಹಾರುವ ಯಂತ್ರ. ಮೊಬೈಲಿಗೆ ಶೋವ್‌ಜೀ, ಕೈಯಂತ್ರ. ಇವುಗಳಲ್ಲಿ ಅವಕಾಶ ಎಲ್ಲಿದೆ? ವೇಯ್‌ಜೀಯಲ್ಲಿರುವ ‘ಜೀ’ ಅಂದರೆ ಎಲ್ಲವೂ ಆ ಕಡೆ ಈ ಕಡೆ ತಿರುಗಬಹುದಾದ ಗಳಿಗೆ. ಅಪಾಯದ ಗಳಿಗೆ, ಅಷ್ಟೇ. ಅದರ ಜೊತೆ ‘ಹ್ವೇ’ ಸೇರಿದಾಗ ಜೀಹ್ವೇ, ಅವಕಾಶ. ಕನ್ನಡದಲ್ಲಿ ‘ಕಾಲ’ ಇದೆ ಅಂತ ‘ಬರಗಾಲ’ವನ್ನು ಬಿಡಿಸಿ ‘ಒಳ್ಳೇ ಕಾಲವೂ ಇದರಲ್ಲಿ ಅಡಗಿದೆ’ ಅನ್ನಲು ಆಗುತ್ತದೆಯೇ? ಹಸಿದವರ ಮುಂದೆ ಆ ಮಾತು ಆಡಲು ನಮಗೆ ಬಾಯಿ ಬರುವುದಿಲ್ಲ. ಇನ್ನೊಂದು ಭಾಷೆಯವರ ಕಷ್ಟದ ಪದವನ್ನೂ ಅಷ್ಟೇ ಗೌರವದಿಂದ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ: ನನ್ನ ಚೀನಿ ವಿದ್ಯಾರ್ಥಿ ‘ಗಿವ್ ಮಿ ಅ ಚೇಂಜ್’ ಅನ್ನುತ್ತಾನೆ. ಎಷ್ಟು ತಿದ್ದಿದರೂ ಆಗುತ್ತಿಲ್ಲ.

ಉತ್ತರ: ಮ್ಯಾಂಡರಿನ್‌ನಲ್ಲಿ ಅಕ್ಷರದ ಕೊನೆಗೆ ‘ನ್’ ಬರಬಹುದು, ‘ನ್ಸ್’ ಬರುವುದಿಲ್ಲ. ಅದಕ್ಕೇ ಕೊನೆಯ ‘ಸ್’ ಒಂದೋ ನುಂಗಿಹೋಗುತ್ತೆ, ಇಲ್ಲಾ ‘ಚಾನ್‌ಸಿ’ ಆಗುತ್ತೆ, ಇಲ್ಲಾ ಹತ್ತಿರದ ಚೇಂಜ್ ಕಡೆ ಜಾರುತ್ತೆ. ಮೊದಲು ಬರೀ ‘ಚಾನ್’ ಅನ್ನಿಸಿ. ಆಮೇಲೆ ಹಾವು ಬುಸುಗುಟ್ಟಿದ ಹಾಗೆ ‘ಸ್ಸ್’ ಎಳೆಯಲು ಹೇಳಿ. ಎರಡನ್ನೂ ನಿಧಾನಕ್ಕೆ ಹತ್ತಿರ ತನ್ನಿ. ಬ್ರಿಟಿಷರ ‘ಚಾನ್ಸ್’ ಆಗಲಿ, ಅಮೆರಿಕದವರ ‘ಚ್ಯಾನ್ಸ್’ ಆಗಲಿ, ಯಾವುದಾದರೂ ಒಂದನ್ನು ಹಿಡಿಯಲಿ.

ಪ್ರಶ್ನೆ: ‘ಬೈ ಎನಿ ಚಾನ್ಸ್’ ಅನ್ನು ಚೀನಿ ಗೆಳತಿ ‘ಆಕಸ್ಮಿಕವಾಗಿ’ ಅಂತ ಅರ್ಥ ಮಾಡಿಕೊಂಡಿದ್ದಾಳೆ. ಸರಿಯೇ?

ಉತ್ತರ: ಆಕಸ್ಮಿಕ ಅನ್ನುವುದು ‘ಬೈ ಚಾನ್ಸ್’ಗೆ ಸರಿ, ಓವ್‌ರಾನ್ ಅಲ್ಲಿಗೆ ಹೊಂದುತ್ತೆ. ‘ಎನಿ’ ಸೇರಿದರೆ ಅದು ಮೆತ್ತಗೆ ಕೇಳುವ ದಾರಿ. ‘ಡು ಯು, ಬೈ ಎನಿ ಚಾನ್ಸ್, ಹ್ಯಾವ್ ಅ ಪೆನ್?’ ಇಲ್ಲ ಅಂದರೂ ಪರವಾಗಿಲ್ಲ ಅಂತ ಎದುರಿನವರಿಗೆ ಮೊದಲೇ ಜಾಗ ಬಿಟ್ಟು ಕೇಳಿದ ಹಾಗೆ. ನಾವು ‘ನಿಮ್ಮ ಹತ್ರ ಏನಾದ್ರೂ ಪೆನ್ ಇದೆಯಾ?’ ಅನ್ನುವಾಗ ‘ಏನಾದ್ರೂ’ ಮಾಡುವುದು ಇದನ್ನೇ. ಅವಳಿಗೆ ಅರ್ಥ ಹೇಳುವ ಬದಲು ಒಂದು ದಿನ ಪೂರ್ತಿ ಅದರಲ್ಲೇ ಕೇಳಿಸಿ, ಪೆನ್ನು, ನೀರು, ಚಾರ್ಜರ್, ಬಸ್ಸಿನ ಸಮಯ. ನಾಲ್ಕನೇ ಸಲಕ್ಕೆ ಅವಳ ದನಿಯೇ ಮೆತ್ತಗಾಗಿರುತ್ತೆ.