ನ್ಯೂಯಾರ್ಕ್, ಹೂಸ್ಟನ್ ಎರಡೂ ಕಡೆ ಲಾ ಫರ್ಮ್ ಸಂಬಳ ಒಂದೇ ಆದರೆ ಕೈಯಲ್ಲಿ ಉಳಿಯುವುದು ಎಲ್ಲಿ ಜಾಸ್ತಿ?

ನೀವು ಬೆಂಗಳೂರಿನಲ್ಲಿ ಕಾನೂನು ಓದಿ ಈಗ ಎಲ್‌ಎಲ್‌ಎಂಗೆ ಅಮೆರಿಕಕ್ಕೆ ಹೊರಟಿದ್ದೀರಿ. ಹೂಸ್ಟನ್‌ನ 2,25,000 ಡಾಲರ್ ಸಂಬಳ ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್‌ನ ನಾಲ್ಕೂವರೆ ಲಕ್ಷಕ್ಕೆ ಸಮ ಅಂತ ಯಾವುದೋ ಆನ್‌ಲೈನ್ ಕ್ಯಾಲ್ಕುಲೇಟರ್ ತೋರಿಸಿದೆ. ಹಾಗಾದರೆ ನ್ಯೂಯಾರ್ಕ್‌ಗೆ ಹೋಗುವವರು ದಡ್ಡರೇ ಅಂತ ಕೇಳಿದ್ದೀರಿ. ನಾನು ನ್ಯೂಯಾರ್ಕ್‌ನಲ್ಲಿ ಕೆಲಸ ಮಾಡಿ ಈಗ ಹೂಸ್ಟನ್ ಇರುವ ಟೆಕ್ಸಸ್ ರಾಜ್ಯದಲ್ಲಿ ಇದ್ದೇನೆ, ಹಾಗಾಗಿ ಎರಡೂ ಕಡೆಯ ಲೆಕ್ಕ ಹೇಳಬಲ್ಲೆ. ಹೂಸ್ಟನ್‌ನಲ್ಲಿ ಜಾಸ್ತಿ ಉಳಿಯುವುದು ನಿಜ. ಆದರೆ ಕ್ಯಾಲ್ಕುಲೇಟರ್ ಹೇಳುವಷ್ಟಲ್ಲ.

ಸಂಬಳ ಒಂದೇ ಅನ್ನುವುದು ಸರಿ. ನ್ಯೂಯಾರ್ಕ್‌ನ ಒಂದು ದೊಡ್ಡ ಫರ್ಮ್ ಸಂಬಳ ಏರಿಸಿದರೆ ಉಳಿದವರು ಕೆಲವೇ ವಾರಗಳಲ್ಲಿ ಅದನ್ನೇ ಕೊಡುತ್ತಾರೆ. 2016ರಲ್ಲಿ ಕ್ರಾವಾತ್ ಅನ್ನುವ ಫರ್ಮ್ ಮೊದಲ ವರ್ಷದ ವಕೀಲರಿಗೆ 1,80,000 ಮಾಡಿತು. 2023ರ ನವೆಂಬರ್‌ನಲ್ಲಿ ಮಿಲ್‌ಬ್ಯಾಂಕ್ ಅನ್ನುವ ಫರ್ಮ್ 2,25,000 ಮಾಡಿತು. ದೊಡ್ಡ ಫರ್ಮ್‌ಗಳು ಷಿಕಾಗೊ, ಹೂಸ್ಟನ್, ಸ್ಯಾನ್ ಫ್ರಾನ್ಸಿಸ್ಕೋ ಕಚೇರಿಗಳಲ್ಲೂ ಸಾಮಾನ್ಯವಾಗಿ ಇದನ್ನೇ ಕೊಡುತ್ತವೆ. ಬೋನಸ್ ಬೇರೆ. ಹಲವು ಕಡೆ ವರ್ಷಕ್ಕೆ 1900ರಿಂದ 2000 ಗಂಟೆಯ ಕೆಲಸವನ್ನು ಕಕ್ಷಿದಾರರಿಗೆ ಬಿಲ್ ಮಾಡಿದರೆ ಮಾತ್ರ ಅದು ಪೂರ್ತಿ ಸಿಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ವ್ಯತ್ಯಾಸ ಶುರುವಾಗುವುದು ತೆರಿಗೆಯಿಂದ. ಮದುವೆಯಾಗದ ಒಬ್ಬರಿಗೆ, 2025ರ ದರದಲ್ಲಿ, 2,25,000ದ ಮೇಲೆ ಫೆಡರಲ್ ಅಂದರೆ ಕೇಂದ್ರದ ಆದಾಯ ತೆರಿಗೆ, ಸೋಷಿಯಲ್ ಸೆಕ್ಯೂರಿಟಿ (ಸರ್ಕಾರಿ ಪಿಂಚಣಿಯ ಕಡಿತ), ಮೆಡಿಕೇರ್ (ಹಿರಿಯರ ಆರೋಗ್ಯ ವಿಮೆಯ ಕಡಿತ) ಎಲ್ಲ ಸೇರಿ ಸುಮಾರು 58 ಸಾವಿರ ಡಾಲರ್ ಹೋಗುತ್ತದೆ. ಇದು ಎಲ್ಲ ಊರಿಗೂ ಒಂದೇ. ಅದರ ಮೇಲೆ ನ್ಯೂಯಾರ್ಕ್ ರಾಜ್ಯ ಸುಮಾರು 13 ಸಾವಿರ, ನ್ಯೂಯಾರ್ಕ್ ನಗರ 8 ಸಾವಿರ ಕೇಳುತ್ತವೆ. ಹೌದು, ಅಲ್ಲಿ ಊರಿಗೂ ಬೇರೆ ಆದಾಯ ತೆರಿಗೆ! ಸ್ಯಾನ್ ಫ್ರಾನ್ಸಿಸ್ಕೋ ಇರುವ ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ವಿಮೆಯ ಕಡಿತವೂ ಸೇರಿ 19–20 ಸಾವಿರ. ಷಿಕಾಗೊ ಇರುವ ಇಲಿನಾಯ್‌ನಲ್ಲಿ ಎಲ್ಲರಿಗೂ 4.95 ಶೇಕಡಾ, ಅಂದರೆ ಸುಮಾರು 11 ಸಾವಿರ. ಟೆಕ್ಸಸ್‌ನಲ್ಲಿ ಸೊನ್ನೆ. ಹೀಗೆ ತಿಂಗಳಿಗೆ ಕೈಗೆ ಬರುವುದು ಹೂಸ್ಟನ್‌ನಲ್ಲಿ 13,900, ನ್ಯೂಯಾರ್ಕ್‌ನಲ್ಲಿ 12,100ರ ಆಸುಪಾಸು. ಆರೋಗ್ಯ ವಿಮೆ, ಪಿಂಚಣಿ ಖಾತೆಗೆ ಕಟ್ಟುವುದು ಇದರಿಂದಲೇ ಹೋಗಬೇಕು.

ಆಮೇಲೆ ಬಾಡಿಗೆ. ಮ್ಯಾನ್‌ಹಟನ್‌ನಲ್ಲಿ ಒಂದು ಬೆಡ್‌ರೂಮಿನ ಮನೆ 4,000 ದಾಟುತ್ತದೆ. ಹೂಸ್ಟನ್‌ನಲ್ಲಿ ಕಚೇರಿಗೆ ಹತ್ತಿರವೇ 2,000ದ ಒಳಗೆ ಒಳ್ಳೆಯ ಮನೆ ಸಿಗುತ್ತದೆ. ಆದರೆ ಅಲ್ಲಿ ಕಾರಿಲ್ಲದೆ ಬದುಕು ಸಾಗುವುದಿಲ್ಲ. ಕಂತು, ವಿಮೆ, ಪೆಟ್ರೋಲು, ಪಾರ್ಕಿಂಗ್ ಸೇರಿ ತಿಂಗಳಿಗೆ ಸಾವಿರ ಡಾಲರ್ ಇಟ್ಟುಕೊಳ್ಳಿ. ನ್ಯೂಯಾರ್ಕ್‌ನಲ್ಲಿ ಸುಮಾರು 3 ಡಾಲರ್ ಟಿಕೆಟ್‌ನಲ್ಲಿ ಸಬ್‌ವೇ ರೈಲು ಊರಿನ ಈ ತುದಿಯಿಂದ ಆ ತುದಿಗೆ ಬಿಡುತ್ತದೆ.

ಊಟ, ಫೋನು, ಬಟ್ಟೆ, ತಿರುಗಾಟಕ್ಕೆ ಅಂತ ನ್ಯೂಯಾರ್ಕ್‌ನಲ್ಲಿ 2,500, ಹೂಸ್ಟನ್‌ನಲ್ಲಿ 2,000 ಹಿಡಿದರೆ ತಿಂಗಳಿಗೆ ಉಳಿಯುವುದು ನ್ಯೂಯಾರ್ಕ್‌ನಲ್ಲಿ ಸುಮಾರು 5,400, ಹೂಸ್ಟನ್‌ನಲ್ಲಿ 9,000. ವರ್ಷಕ್ಕೆ 43 ಸಾವಿರ ಡಾಲರ್ ಅಂತರ. ಕಡಿಮೆಯೇನಲ್ಲ. ಮ್ಯಾನ್‌ಹಟನ್‌ನಲ್ಲಿ ಅಷ್ಟನ್ನು ತುಂಬಿಕೊಳ್ಳಬೇಕಾದರೆ, ತೆರಿಗೆ ಹೋಗಿ ಕೈಗೆ ಸಿಗಲು, ಸುಮಾರು 80 ಸಾವಿರ ಜಾಸ್ತಿ ಸಂಬಳ ಬೇಕು. ಅಂದರೆ ಮೂರು ಲಕ್ಷದ ಹತ್ತಿರ. ನಾಲ್ಕೂವರೆ ಲಕ್ಷ ಎಲ್ಲಿಂದ ಬಂತು?

ಕ್ಯಾಲ್ಕುಲೇಟರ್ ಪೂರ್ತಿ ಸಂಬಳವನ್ನೇ ಬೆಲೆ ಸೂಚ್ಯಂಕದಿಂದ ಗುಣಿಸುತ್ತದೆ. ನೀವು ಸಂಬಳವನ್ನೆಲ್ಲ ಆ ಊರಿನಲ್ಲೇ ಖರ್ಚು ಮಾಡುತ್ತೀರಿ ಅಂತ ಅದರ ನಂಬಿಕೆ. ಆದರೆ ಓದಿನ ಸಾಲದ ಕಂತಿಗೆ ಕಟ್ಟುವ ಡಾಲರ್‌ಗೆ ಊರಿಲ್ಲ. ಮನೆಗೆ ಕಳಿಸುವ ಡಾಲರ್ ಯಾವ ಊರಿನಿಂದ ಹೊರಟರೂ ಹಾಸನದಲ್ಲಿ ಅಷ್ಟೇ ರೂಪಾಯಿ. ಒಳ್ಳೆಯ ಕಾಲೇಜಿನ ಎಲ್‌ಎಲ್‌ಎಂಗೆ ಫೀಸು, ವಸತಿ ಸೇರಿ ಲಕ್ಷ ಡಾಲರ್ ದಾಟುತ್ತದೆ. ನಿಮಗೆ ಬೇಕಾದ ಅಂಕಿ ಒಂದೇ: ತಿಂಗಳ ಕೊನೆಗೆ ಸಾಲಕ್ಕೆ ಎಷ್ಟು ಕಟ್ಟಬಹುದು?

ಆ ಅಂಕಿಯನ್ನು ನ್ಯೂಯಾರ್ಕ್‌ನಲ್ಲೇ ಕೆಲಸ ಮಾಡುತ್ತ ಹೆಚ್ಚಿಸುವ ದಾರಿಯೂ ಇದೆ. ನದಿಯಾಚೆ, ನ್ಯೂಜೆರ್ಸಿಯ ಜೆರ್ಸಿ ಸಿಟಿಯಲ್ಲಿ ಮನೆ ಮಾಡಿ. ನಗರದ ಆದಾಯ ತೆರಿಗೆ ಆ ನಗರದಲ್ಲಿ ವಾಸಿಸುವವರಿಗೆ ಮಾತ್ರ. ಹಿಂದೆ ಹೊರಗಿನಿಂದ ಕೆಲಸಕ್ಕೆ ಬರುವವರಿಗೂ ಒಂದು ಸಣ್ಣ ತೆರಿಗೆ ಇತ್ತು, 1999ರಲ್ಲಿ ಅದನ್ನು ತೆಗೆದರು. ರಾಜ್ಯದ ತೆರಿಗೆ ತಪ್ಪುವುದಿಲ್ಲ, ಆದರೆ ಆ 8 ಸಾವಿರ ಉಳಿಯುತ್ತದೆ. ಪಾತ್ ರೈಲು ವರ್ಲ್ಡ್ ಟ್ರೇಡ್ ಸೆಂಟರ್‌ಗೇ ಬರುತ್ತದೆ. ಜೆರ್ಸಿ ಸಿಟಿಯ ನ್ಯೂವಾರ್ಕ್ ಅವೆನ್ಯೂದಲ್ಲಿ ಕರಿಬೇವಿನಿಂದ ಹಿಡಿದು ಇಡ್ಲಿ ರವೆಯವರೆಗೆ ಎಲ್ಲ ಸಿಗುತ್ತದೆ. (ಅಪ್ಪಟ ಮಂಡ್ಯದ ಬೆಲ್ಲ ಮಾತ್ರ ಕೇಳಬೇಡಿ.) ಜೊತೆಗೊಬ್ಬ ರೂಮ್‌ಮೇಟ್ ಇದ್ದು ನಿಮ್ಮ ಪಾಲಿನ ಬಾಡಿಗೆ 2,000 ಆದರೆ ತಿಂಗಳಿಗೆ 8,000ದ ಮೇಲೆ ಉಳಿಯುತ್ತದೆ. ಹೂಸ್ಟನ್‌ನ ಒಂಟಿ ಮನೆಯ ಲೆಕ್ಕಕ್ಕೆ ಹತ್ತಿರವೇ ಬಂತಲ್ಲ! ನಾನೂ ಹೀಗೇ ಇದ್ದೆ.

ಮ್ಯಾನ್‌ಹಟನ್ ಮನೆಯೇ ಬೇಕು ಅಂದರೆ ಒಂದು ಮಾತು. ಅಲ್ಲಿನ ಮಾಲೀಕರು ವರ್ಷದ ಸಂಬಳ ತಿಂಗಳ ಬಾಡಿಗೆಯ 40 ಪಟ್ಟು ಇರಬೇಕು ಅನ್ನುತ್ತಾರೆ. ನಿಮ್ಮ ಸಂಬಳಕ್ಕೆ 5,600ವರೆಗಿನ ಮನೆ ಕೊಡುತ್ತಾರೆ. ಕೊಡುತ್ತಾರೆ ಅಂತ ಸುಮ್ನೆ ತೆಗೆದುಕೊಳ್ಳಬೇಡಿ.

ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಹೋಗುವ ನಿಮ್ಮಂಥವರಿಗೆ ಇನ್ನೊಂದು ಅನುಕೂಲ ಇದೆ. ಓದು ಮುಗಿದ ಮೇಲೆ ಸಿಗುವ ಒಂದು ವರ್ಷದ ಒಪಿಟಿಯಲ್ಲಿ (ಅದೇ ವೀಸಾದಲ್ಲಿ ಕೆಲಸ ಮಾಡುವ ಅನುಮತಿ), ತೆರಿಗೆ ಲೆಕ್ಕಕ್ಕೆ ನೀವು ಇನ್ನೂ ಅನಿವಾಸಿ ಆಗಿದ್ದರೆ, ಸೋಷಿಯಲ್ ಸೆಕ್ಯೂರಿಟಿ, ಮೆಡಿಕೇರ್ ಹಿಡಿಯುವಂತಿಲ್ಲ. ಪೂರ್ತಿ ವರ್ಷದ ಸಂಬಳಕ್ಕೆ ಅದು 14 ಸಾವಿರದಷ್ಟು. ಪೇರೋಲ್‌ನವರು ಮರೆತು ಹಿಡಿದರೆ ಕೇಳಿ ವಾಪಸ್ ಪಡೆಯಿರಿ. ಅನಿವಾಸಿಗಳಿಗೆ ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲ, ಆದರೆ ಭಾರತ–ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಿಂದ ನಮ್ಮ ವಿದ್ಯಾರ್ಥಿಗಳಿಗೆ ಅದೂ ಸಿಗುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿದರೂ ಊರನ್ನು ಆರಿಸುವುದು ಪೂರ್ತಿ ನಿಮ್ಮ ಕೈಯಲ್ಲಿಲ್ಲ. ಹೊರದೇಶದಲ್ಲಿ ಓದಿ ಎಲ್‌ಎಲ್‌ಎಂ ಮಾಡಿದವರನ್ನು ತೆಗೆದುಕೊಳ್ಳುವುದು ಹೆಚ್ಚಾಗಿ ನ್ಯೂಯಾರ್ಕ್ ಕಚೇರಿಗಳೇ. ಅಲ್ಲಿ ಕ್ಯಾಪಿಟಲ್ ಮಾರ್ಕೆಟ್ಸ್ (ಷೇರು, ಬಾಂಡ್ ವ್ಯವಹಾರ), ಬ್ಯಾಂಕ್ ಸಾಲದ ಕೆಲಸ ಸದಾ ಇರುತ್ತದೆ. ವಕೀಲರಾಗಲು ಬರೆಯಬೇಕಾದ ಅಲ್ಲಿನ ಬಾರ್ ಪರೀಕ್ಷೆಗೆ ಹೊರಗಿನವರಿಗೂ ದಾರಿ ಇದೆ. ಎಲ್ಲ ರಾಜ್ಯದಲ್ಲೂ ಹಾಗಿಲ್ಲ. ಹೂಸ್ಟನ್‌ನಲ್ಲಿ ತೈಲ, ಅನಿಲದ ಕೆಲಸವೇ ಜಾಸ್ತಿ. ಅದು ಗೊತ್ತಿಲ್ಲದವರಿಗೆ ಸಂದರ್ಶನ ಸಿಗುವುದೇ ಕಷ್ಟ.

ಇನ್ನೊಂದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ದೊಡ್ಡ ಫರ್ಮ್ ಸೇರಿದವರಲ್ಲಿ ಬಹಳ ಜನ ಕೆಲವು ವರ್ಷಕ್ಕೆ ಬಿಡುತ್ತಾರೆ. ಎಲ್ಲ ಊರಿಗೂ ಒಂದೇ ಸಂಬಳ ಅನ್ನುವ ನಿಯಮ ಈ ಫರ್ಮ್‌ಗಳಿಗೆ ಮಾತ್ರ. ಕಂಪನಿಯ ಕಾನೂನು ವಿಭಾಗಕ್ಕೋ ಸಣ್ಣ ಫರ್ಮ್‌ಗೋ ಹೋದರೆ ಸಂಬಳ ಧಡಕ್ಕನೆ ಇಳಿಯುತ್ತದೆ, ಮ್ಯಾನ್‌ಹಟನ್ ಬಾಡಿಗೆ ಇಳಿಯುವುದಿಲ್ಲ. ಹಾಗಾಗಿ ನಿಮ್ಮ ಜಾಗದಲ್ಲಿ ನಾನಾಗಿದ್ದರೆ ನ್ಯೂಯಾರ್ಕ್‌ನಲ್ಲಿ ಕೆಲಸ ಹಿಡಿದು, ಜೆರ್ಸಿ ಸಿಟಿಯಲ್ಲಿ ಇದ್ದು, ಸಾಲ ತೀರಿಸಿ, ಎಚ್-1ಬಿ ಕೆಲಸದ ವೀಸಾದ ಲಾಟರಿಯಲ್ಲಿ ಹೆಸರು ಬಂದ ಮೇಲೆ ಟೆಕ್ಸಸ್ ಕಡೆ ನೋಡುತ್ತಿದ್ದೆ. ಮೊದಲೇ ಹೂಸ್ಟನ್ ಆಫರ್ ಬಂದು, ಎನರ್ಜಿ ಕೆಲಸ ಇಷ್ಟವಾದರೆ ಕಣ್ಣು ಮುಚ್ಚಿಕೊಂಡು ಒಪ್ಪಿಕೊಳ್ಳಿ. ಡ್ರೈವಿಂಗ್ ಮಾತ್ರ ಈಗಲೇ ಕಲಿಯಿರಿ.